ಹತ್ತು ಕೋಟಿ ಹಾಡಿಗೆ ಒಂದು ಸಾಕೆಟ್

ದಾಂಡೇಲಿಯಲ್ಲಿ ಯಾರ ಮನೆಗೆ ಏನು ಬಂತು ಎಂಬುದು ಗುಟ್ಟಾಗಿ ಉಳಿಯುವ ಮಾತಲ್ಲ. ಕೊರಿಯರ್ ಹುಡುಗ ಗೇಟಿನ ಮುಂದೆ ಬೈಕು ನಿಲ್ಲಿಸಿದರೆ ಸಾಕು, ಎದುರುಮನೆಯ ಮಾಮಾ ಪೇಪರು ಮಡಚಿಟ್ಟು ಕಟ್ಟೆಯ ಮೇಲಿಂದಲೇ ವಿಚಾರಣೆ ಶುರುಮಾಡುತ್ತಾರೆ. ಮಿಕ್ಸರಿನ ಜಾರು, ಮೊಣಕಾಲಿನ ಪಟ್ಟಿ, ಮೊಮ್ಮಗಳ ಚಪ್ಪಲಿ ಇವಕ್ಕೆಲ್ಲ ಒಂದು ಶಬ್ದದಲ್ಲಿ ಉತ್ತರ ಕೊಟ್ಟು ಒಳಗೆ ಹೋಗಬಹುದು. ಹೋದ ಮಳೆಗಾಲದಲ್ಲಿ ಬಂದ ಡಬ್ಬಿಗೆ ಮಾತ್ರ ಹಾಗಾಗಲಿಲ್ಲ.

"ಏನ್ ಬಂತ್ರೀ?"

"ಹಾಡು ಕೇಳೂದು."

"ರೇಡಿಯೋ?"

"ಅಲ್ರೀ."

"ಹಂಗಾದ್ರ ಸ್ಪೀಕರ್ ಅನ್ರಿ."

"ಇದರಾಗ ಸ್ಪೀಕರ್ ಇಲ್ಲ."

"ಸೀಡಿ ಹಾಕೂದೇನು?"

"ಸೀಡೀನೂ ಇಲ್ಲ, ಕ್ಯಾಸೆಟ್ಟೂ ಇಲ್ಲ."

ಮಾಮಾ ಕನ್ನಡಕ ಹಣೆಗೇರಿಸಿ ಡಬ್ಬಿಯನ್ನು ದಿಟ್ಟಿಸಿದರು. "ಮತ್ತ ಅದರಾಗ ಏನೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದರಲ್ಲಿ ಏನೂ ಇಲ್ಲ. ಅಂಗೈಯಲ್ಲಿ ಕೂರುವಷ್ಟು ಕರಿ ಡಬ್ಬಿ. ಮನೆಯ ವೈಫೈ ಹಿಡಿದುಕೊಂಡು ಎಲ್ಲೋ ದೂರದ ಕಂಪ್ಯೂಟರಿನಿಂದ ಹಾಡನ್ನು ಅಂಕಿಗಳಾಗಿ ಎಳೆದುಕೊಳ್ಳುತ್ತದೆ, ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ತಂತಿಯ ಮೂಲಕ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಸ್ಟ್ರೀಮರ್ ಎಂದು ಅದರ ಹೆಸರು. ಜೀವಮಾನವಿಡೀ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಅದರ ಕಸುಬು ತಟ್ಟನೆ ತಿಳಿಯಿತು. ಒಬ್ಬರದನ್ನು ಇಸಿದುಕೊಂಡು ಇನ್ನೊಬ್ಬರಿಗೆ ಎಣಿಸಿಕೊಡುವುದು, ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವುದು.

ಇದನ್ನು ತರಿಸುವ ಪ್ರಸಂಗ ಬಂದದ್ದು ನಮ್ಮ ಆಂಪ್ಲಿಫೈಯರಿನ ದೀರ್ಘಾಯುಷ್ಯದಿಂದ. 1980ರ ದಶಕದಲ್ಲಿ ಹಳಿಯಾಳದ ಶಾಖೆಯಲ್ಲಿದ್ದಾಗ, ಬ್ಯಾಂಕಿನಿಂದ ಹಬ್ಬದ ಮುಂಗಡವನ್ನೂ ಹೆಂಡತಿಯಿಂದ ಮೌನವನ್ನೂ ಒಟ್ಟಿಗೆ ಪಡೆದು ಹುಬ್ಬಳ್ಳಿಯಿಂದ ತಂದ ಸೋನೋಡೈನ್ ಅದು. 1970ರಲ್ಲಿ ಕೊಲ್ಕತ್ತದಲ್ಲಿ ಹುಟ್ಟಿದ ಕಂಪನಿ. ಹೊರದೇಶದ ಸ್ಟೀರಿಯೋ ಎಂದರೆ ದುಬೈಗೆ ಹೋದ ಭಾವಮೈದುನ ಇದ್ದವರ ಮಾತಾಗಿದ್ದ ಕಾಲ. ಉಳಿದವರಿಗೆ ಸೋನೋಡೈನ್, ಕಾಸ್ಮಿಕ್. ಆ ಹೆಸರುಗಳನ್ನು ಹೇಳುವಾಗಲೂ ನಾವು ಸ್ವಲ್ಪ ದನಿ ತಗ್ಗಿಸುತ್ತಿದ್ದೆವು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ತೊಡೆಯ ಮೇಲಿದ್ದದ್ದು ಲಗೇಜ್ ಹೇಗಾಗುತ್ತದೆ ಎಂದು ವಾದಿಸಿದೆ. "ಕೂಸಿದ್ರ ಬಿಡ್ತಿದ್ದೆ ನೋಡ್ರಿ" ಎಂದ.

ಅಲ್ಲಿಂದ ಮುಂಡಗೋಡ, ಜೋಯಿಡಾ, ಕೊನೆಗೆ ದಾಂಡೇಲಿ. ವರ್ಗಾವಣೆಯ ಲಾರಿಯಲ್ಲಿ ಗಾದಿಗಳ ನಡುವಿನ ಜಾಗ ಅದರದ್ದು. ಅದರ ಜೊತೆಗಾರರು ಒಬ್ಬೊಬ್ಬರಾಗಿ ಹೋದರು. ರೆಕಾರ್ಡ್ ಪ್ಲೇಯರಿನ ಮುಳ್ಳು ಸವೆಯಿತು, ಹೊಸದು ಸಿಗಲಿಲ್ಲ. ಕ್ಯಾಸೆಟ್ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಕರಿ ಅಂಟಾಗಿ ಕೈಗೆ ಮೆತ್ತಿತು. ಸೀಡಿ ಪ್ಲೇಯರ್ ಒಂದು ಆಷಾಢದಲ್ಲಿ "ನೋ ಡಿಸ್ಕ್" ಎಂದದ್ದು, ಆಮೇಲೆ ಬೇರೆ ಮಾತಾಡಲೇ ಇಲ್ಲ. ಆಂಪ್ಲಿಫೈಯರ್ ಮಾತ್ರ ಗುಂಡಿ ತಿರುಗಿಸಿದಾಗ ಕರಕರ ಎಂದು ಗೊಣಗಿ, ಗೊಣಗಿದ ಮೇಲೆ ಕೆಲಸಕ್ಕೆ ನಿಲ್ಲುತ್ತದೆ. ಆದರೆ ಅದಕ್ಕೆ ಕೊಡಲು ಕೆಲಸವೇ ಇರಲಿಲ್ಲ.

ಕೇಳುವ ಹುಚ್ಚು ಹತ್ತಿಸಿದ್ದು ಅಪ್ಪ. ಅವರು ಹಳಿಯಾಳದಲ್ಲಿ ಶಾಲಾ ಮಾಸ್ತರರು. ಹಳಿಯಾಳ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದರೂ ಅದರ ಕಿವಿ ಧಾರವಾಡದ ಕಡೆಗೇ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಅಡುಗೆಮನೆಯ ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟವಾಗಿ ಬರುತ್ತಿತ್ತು. ಅಪ್ಪ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹೊಡೆಸಿಕೊಂಡು ಬರುತ್ತಿದ್ದರು. 80ರ ದಶಕದ ಮಧ್ಯದಲ್ಲಿ ಸರಕಾರ ಆ ಲೈಸೆನ್ಸು ತೆಗೆದುಹಾಕಿದಾಗ ಊರೆಲ್ಲ ಖುಷಿಪಟ್ಟಿತು. ಈಗ ಹಾಡು ಕೇಳಲು ನಾನು ತಿಂಗಳು ತಿಂಗಳು ಫೋನಿನಲ್ಲಿ ಚಂದಾ ಕಟ್ಟುತ್ತೇನೆ. ಅಪ್ಪನಿಗೆ ಪೋಸ್ಟ್‌ಮಾಸ್ತರರ ಮುಖವಾದರೂ ಕಾಣುತ್ತಿತ್ತು.

ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು ಇಂದು ರಾತ್ರಿ ಹಾಡುತ್ತಾರೆ ಎಂದು ಗೊತ್ತಾದರೆ ಅಪ್ಪ ಊಟದ ಹೊತ್ತನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಅವ್ವ ಗೊಣಗುತ್ತ ಒಲೆ ಆರಿಸುತ್ತಿದ್ದಳು. ತಪ್ಪಿದರೆ ತಪ್ಪಿತು, ಮತ್ತೆ ಯಾವಾಗಲೋ. ಈಗ ನಾನು ಮನಸ್ಸು ಬಂದಾಗ ಮನ್ಸೂರರನ್ನು ಹಾಡಿಸಬಲ್ಲೆ. ಆದ್ದರಿಂದ ನಮ್ಮ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ, ಮನ್ಸೂರರು ಅರ್ಧಕ್ಕೆ ನಿಲ್ಲುತ್ತಾರೆ.

ನಿವೃತ್ತಿಯಾದ ಮೇಲೆ ಆಂಪ್ಲಿಫೈಯರಿಗೆ ಒಂದು ಜೊತೆ ಹುಡುಕಬೇಕೆಂದು ಹೊರಟೆ. ಕೈಗೆಟಕುವ ದರದಲ್ಲಿ ಎಂಬುದು ಶರತ್ತು. ಹೆಂಡತಿಗೆ ಹೇಳುವಾಗ ನಿಜ ಬೆಲೆಯನ್ನೇ ಹೇಳುವಂತಿರಬೇಕು ಎಂಬುದು ಆ ಶರತ್ತಿನ ಬಿಡಿಸಿದ ಅರ್ಥ. ಈ ಹಾದಿಯಲ್ಲಿ ಮೇಲೆ ಹತ್ತುತ್ತ ಹೋದರೆ ಕೊನೆಯಿಲ್ಲ. ಸ್ಕಾಟ್ಲೆಂಡಿನ ಲಿನ್ ಕಂಪನಿ 2007ರಲ್ಲೇ ಲಕ್ಷಗಟ್ಟಲೆ ಬೆಲೆಯ ಸ್ಟ್ರೀಮರ್ ತಂದು, 2009ರಲ್ಲಿ ಸೀಡಿ ಪ್ಲೇಯರ್ ಮಾಡುವುದನ್ನೇ ನಿಲ್ಲಿಸಿಬಿಟ್ಟಿತ್ತು. ಅಷ್ಟು ಹಣಕ್ಕೆ ದಾಂಡೇಲಿಯಲ್ಲಿ ಸೈಟು ಬರುತ್ತಿತ್ತು. ನಾನು ಕೆಳಗಿನ ಮೆಟ್ಟಿಲಿನಿಂದಲೇ ಶುರುಮಾಡಿದೆ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಪೇಟೆಯ ಟೀವಿ ರಿಪೇರಿ ಅಂಗಡಿ. ಅಂಗಡಿಯಾತ ಆಂಪ್ಲಿಫೈಯರಿನ ಮುಖ ಸವರಿ, "ಸರ, ಇದಕ್ಕ ಒಂದು ಬೋರ್ಡ್ ಕುಂದ್ರಿಸ್ತೇನ್ರಿ. ಬ್ಲೂಟೂತ್, ಪೆನ್‌ಡ್ರೈವ್, ಮೆಮರಿ ಕಾರ್ಡ್, ಎಫ್‌ಎಂ ಎಲ್ಲಾ ಹೊಡೀತೈತಿ. ರಿಮೋಟ್ ಫ್ರೀ" ಎಂದು ಡ್ರಿಲ್ಲಿಗೇ ಕೈಹಾಕಿದ. ಬೋರ್ಡಿನ ಬೆಲೆ ಕೆಲವು ನೂರು ರೂಪಾಯಿ. ಮಾದರಿಗೆಂದು ಇನ್ನೊಬ್ಬರ ಆಂಪ್ಲಿಫೈಯರ್ ಹಚ್ಚಿ ತೋರಿಸಿದ. ಅಲ್ಯೂಮಿನಿಯಮ್ಮಿನ ಮುಖದ ನಡುವೆ ಚೌಕ ಕೊರೆದು ಕೂರಿಸಿದ ಬೋರ್ಡು ನೀಲಿ ಬೆಳಕಿನಲ್ಲಿ ಮಿಟುಕಿತು. ಆಮೇಲೆ ಒಬ್ಬ ಹೆಂಗಸು ಎರಡೂ ಸ್ಪೀಕರಿನಲ್ಲಿ ಪೂರ್ತಿ ದನಿಯಲ್ಲಿ "ದಿ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್" ಎಂದು ಘೋಷಿಸಿದಳು.

ಈ ಹೆಂಗಸನ್ನು ನೀವೂ ಬಲ್ಲಿರಿ. ಆಟೋಗಳಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮದುವೆಯ ಮಂಟಪದಲ್ಲಿ ಮಂಗಳಾಷ್ಟಕಕ್ಕಿಂತ ಮೊದಲು ಮಾತಾಡುವವಳು ಅವಳೇ. ಅವಳನ್ನು ದಿನಾ ಮನೆಯಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ. ಇನ್ನೊಂದು ತಕರಾರೂ ಇತ್ತು. ಬ್ಲೂಟೂತಿನಲ್ಲಿ ಹಾಡು ಬರುವುದು ಫೋನಿನ ಮೂಲಕ. ಬರುವಾಗ ಅದನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತಾರೆ, ಅದನ್ನಾದರೂ ಸಹಿಸಬಹುದು. ಆದರೆ ವಿಲಂಬಿತದಲ್ಲಿ ಗವಾಯಿ ಸಮ್ಮಿಗೆ ಬರುವ ಹೊತ್ತಿಗೆ ಫೋನು ಬಂದರೆ, ಅಣ್ಣನ ಮೂಲವ್ಯಾಧಿಯ ವರದಿ ಓಣಿಗೆಲ್ಲ ಕೇಳುತ್ತದೆ. ವೈಫೈ ಸ್ಟ್ರೀಮರಿನಲ್ಲಿ ಹಾಡನ್ನು ತರುವುದು ಡಬ್ಬಿಯೇ. ಫೋನು ಬರೀ ರಿಮೋಟು. ಇಷ್ಟು ತಿಳಿದಮೇಲೆ ಡ್ರಿಲ್ಲಿನಿಂದ ಆಂಪ್ಲಿಫೈಯರನ್ನು ಬಿಡಿಸಿಕೊಂಡು ಬಂದೆ.

"ನನ್ನ ಹಳೇ ಫೋನ್ ಐತೆಲ್ಲ, ಅದನ್ನ ಹಚ್ರಿ" ಎಂದಳು ನನ್ನ ಹೆಂಡತಿ. ಗಾಜು ಸೀಳಿದ, ಆದರೆ ಇಯರ್‌ಫೋನ್ ತೂತು ಇನ್ನೂ ಇರುವ ಫೋನು. ಖರ್ಚು ಒಂದು ವಾಯರಿನದು. ಸಿಮ್ ತೆಗೆದರೆ ಅಣ್ಣನ ಕಾಟವೂ ಇಲ್ಲ. ಕೆಲವು ತಿಂಗಳು ಅದೇ ನಡೆಯಿತು, ಚೆನ್ನಾಗಿಯೇ ನಡೆಯಿತು. ಖಂಡಿತ ಹೇಳುತ್ತೇನೆ, ಇದಕ್ಕಿಂತ ಅಗ್ಗದ ಸ್ಟ್ರೀಮರ್ ಭೂಮಿಯ ಮೇಲಿಲ್ಲ. ಆದರೆ ಹಗಲೂ ರಾತ್ರಿ ಚಾರ್ಜರಿಗೆ ಕಟ್ಟಿಹಾಕಿದ ಫೋನಿನ ಬ್ಯಾಟರಿ ಉಬ್ಬುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಅದರ ಬೆನ್ನಿನ ಮುಚ್ಚಳ ಎದ್ದು ನಿಂತಿತ್ತು. ಇವಳು ಅದನ್ನು ಮೊರದಲ್ಲಿಟ್ಟುಕೊಂಡು ಅಂಗಳದ ಮೂಲೆಗೆ ಒಯ್ದಿಟ್ಟಳು.

ಆಗ ಬೆಂಗಳೂರಿನಲ್ಲಿರುವ ಅಣ್ಣನ ಮಗ ಕೈಹಾಕಿದ. "ಕಾಕಾ, ಮೂವತ್ತು ಸಾವಿರದ್ದು ಮೂರು ಸಾವಿರದಾಗ ಮಾಡ್ಕೊಳ್ಳೂಣ. ರಾಸ್ಬೆರಿ ಪೈ ತೊಗೋರಿ." 2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ, ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರ್ ಅದು. ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲಿ ಎಂದು ಮಾಡಿದ್ದು. ದೊಡ್ಡವರು ಅದನ್ನು ಕಸಿದುಕೊಂಡು ಹಾಡಿಗೆ ಹಚ್ಚಿದರು. ಅಂಕಿಯನ್ನು ದನಿ ಮಾಡುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಪೈನ ತಲೆಯ ಮೇಲೆ ಡ್ಯಾಕ್ ಹಲಗೆಯೊಂದನ್ನು ಕೂರಿಸಿದರೆ ಸ್ಟ್ರೀಮರ್ ಸಿದ್ಧ. ಇಂಥ ಹಲಗೆಗಳನ್ನು ಹೊರದೇಶಗಳಿಗೂ ಕಳಿಸಿದ ಅಲ್ಲೋ ಎಂಬ ಕಂಪನಿ ಇದ್ದದ್ದು ಬೆಂಗಳೂರಿನಲ್ಲೇ. ನಡೆಸುವ ತಂತ್ರಾಂಶ ವೊಲುಮಿಯೋ, ಮೂಡ್, ಪೈಕೋರ್‌ಪ್ಲೇಯರ್ ಎಂಬ ಹೆಸರುಗಳಲ್ಲಿ ಪುಕ್ಕಟೆ ಸಿಗುತ್ತದೆ. ಹಾರ್ಡ್ ಡಿಸ್ಕ್ ಚುಚ್ಚಿದರೆ ಇಂಟರ್ನೆಟ್ಟಿನ ಹಂಗೂ ಇಲ್ಲ.

ನನಗೆ ಆಸೆಯಾದದ್ದು ನಿಜ. ಅಳುಕು ಹುಟ್ಟಿಸಿದ್ದು ಕರೆಂಟು. ಪೈ ಎಷ್ಟಾದರೂ ಕಂಪ್ಯೂಟರ್. ಮೆಮರಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ತಟ್ಟನೆ ಕರೆಂಟು ಹೋದರೆ ಆ ಕಾರ್ಡು ಕೆಡಬಹುದು, ಮತ್ತೆ ಮೊದಲಿನಿಂದ. ನಮ್ಮ ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದ್ದಾರೆ. ಅದರ ಬುಡದಲ್ಲೇ 100 ಮೆಗಾವಾಟಿನ ವಿದ್ಯುದಾಗಾರ. ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಎಂಬ ಊರು ಹಿನ್ನೀರಿನಲ್ಲಿ ಮುಳುಗಿ ಕಚೇರಿಗಳೆಲ್ಲ ಜೋಯಿಡಾಕ್ಕೆ ಎದ್ದುಹೋದವು. ಇಷ್ಟೆಲ್ಲ ಕೊಟ್ಟ ಕಣಿವೆಯಲ್ಲಿ ಜೂನ್ ತಿಂಗಳಿನಲ್ಲಿ ಒಂದು ಮತ್ತಿಯ ಕೊಂಬೆ ತಂತಿಯ ಮೇಲೆ ಬಿದ್ದರೆ ನಾವು ಮೇಣದಬತ್ತಿ ಹುಡುಕುತ್ತೇವೆ. ಪೈಕೋರ್‌ಪ್ಲೇಯರ್ ಇಡಿಯಾಗಿ ರ‍್ಯಾಮಿನಲ್ಲೇ ಓಡುವುದರಿಂದ ಕರೆಂಟು ಹೋದರೂ ಕಾರ್ಡಿಗೆ ಅಪಾಯ ಕಡಿಮೆ ಎಂದು ಹುಡುಗ ಸಮಾಧಾನ ಹೇಳಿದ. ಆದರೆ ಅದನ್ನು ಜೋಡಿಸಲು ಅವನೇ ಬರಬೇಕು, ಕೆಟ್ಟರೂ ಅವನೇ ಬರಬೇಕು. ಬೆಂಗಳೂರಿನಿಂದ ದಾಂಡೇಲಿಗೆ ಅವನು ಬರುವುದು ರ‍್ಯಾಫ್ಟಿಂಗಿಗೆ. ಕೈಯಲ್ಲಿ ಹುಟ್ಟು, ತಲೆಗೆ ಹೆಲ್ಮೆಟ್ಟು. ಬೆಸುಗೆಯ ಕಡ್ಡಿ ಹಿಡಿಯುವ ಉಮೇದು ಅವನಿಗೆ ಆಗ ಇರುವುದಿಲ್ಲ.

ತಿಳಿದವರು ಇನ್ನೂ ಒಂದು ಹೆಸರು ಹೇಳುತ್ತಿದ್ದರು. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ. 2015ರಲ್ಲಿ ಬಂದ, ರೆಕಾರ್ಡಿನ ಗೆರೆಗಳಂಥ ಗೆರೆಗಳನ್ನು ಮೈಮೇಲೆ ಕೊರೆದ ಪುಟ್ಟ ಬಿಲ್ಲೆ. ಅಮೆರಿಕದಲ್ಲಿ 35 ಡಾಲರು. 2019ರಲ್ಲಿ ಮಾಡುವುದನ್ನು ನಿಲ್ಲಿಸಿದರು. ಆಮೇಲೆ ಹಳೆಯದಕ್ಕೇ ಬೇಡಿಕೆ ಏರಿತು. 2025ರ ಮಾರ್ಚಿನಲ್ಲಿ ಒಂದು ದಿನ ಜಗತ್ತಿನಲ್ಲಿದ್ದ ಆ ಬಿಲ್ಲೆಗಳೆಲ್ಲ ಒಟ್ಟಿಗೆ ಕೈಕೊಟ್ಟವು. ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತಂತೆ. ಕೆಲವು ದಿನಗಳಲ್ಲಿ ಸರಿಪಡಿಸಿ ಕೊಟ್ಟರು. ಸುದ್ದಿ ಓದಿ ನಾನು ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿದೆ. ಅಲ್ಲಿ ಯಾವ ಪ್ರಮಾಣಪತ್ರವೂ ಇರಲಿಲ್ಲ, "ಮೇಡ್ ಇನ್ ಇಂಡಿಯಾ" ಎಂಬ ಅಕ್ಷರಗಳ ಮೇಲೆ ಹಲ್ಲಿಯ ಹಿಕ್ಕೆ ಮಾತ್ರ ಇತ್ತು.

ಕೊನೆಗೆ ಒಪ್ಪಿದ್ದು ವೀಮ್ ಮಿನಿ ಎಂಬ ಡಬ್ಬಿಗೆ. ಅಮೆರಿಕದ ಬೆಲೆಯಲ್ಲಿ 100 ಡಾಲರಿನ ಒಳಗೆ. ಪರದೆ ಇಲ್ಲ, ಮೈಮೇಲೆ ಕೆಲವು ಗುಂಡಿ. ಹಿಂದೆ ಇಯರ್‌ಫೋನಿನಂಥ ಎರಡು ತೂತು, ಬೆಳಕಿನ ತಂತಿಗೆ ಇನ್ನೊಂದು. ಲ್ಯಾನ್ ತಂತಿ ಬೇಕೆನ್ನುವವರು ಅದರ ಅಣ್ಣನನ್ನು ಕೊಳ್ಳಬೇಕು, ನಮ್ಮ ರೂಟರ್ ಅದೇ ಕೋಣೆಯಲ್ಲಿರುವುದರಿಂದ ನನಗೆ ಬೇಕಾಗಲಿಲ್ಲ. 24 ಬಿಟ್, 192 ಕಿಲೋಹರ್ಟ್ಸ್ ತನಕ ಹಾಡುತ್ತದೆ ಎಂದು ಡಬ್ಬಿಯ ಮೇಲೆ ಹೆಮ್ಮೆಯಿಂದ ಬರೆದಿದೆ.

ಈ ಅಂಕಿಗಳ ಬಗ್ಗೆ ನನ್ನ ಮಾತು ಬೇರೆ. ಸೀಡಿಯದು 16 ಬಿಟ್, 44.1 ಕಿಲೋಹರ್ಟ್ಸ್. ಅಷ್ಟರಲ್ಲಿ 20 ಸಾವಿರ ಹರ್ಟ್ಸಿನ ಆಚೆಯವರೆಗಿನ ದನಿ ಹಿಡಿಯುತ್ತದೆ. ಅಷ್ಟು ಮೇಲಿನದು ಕೇಳುವುದು ಎಳೆಯ ಕಿವಿಗೆ. ನನ್ನ ಕಿವಿ ಅದರ ಅರ್ಧ ದಾರಿ ದಾಟಿ ಏದುಸಿರು ಬಿಡುತ್ತದೆ. ಅದೂ ಅಲ್ಲದೆ ನಮ್ಮ ಹಿತ್ತಿಲಿನ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಬಿಟ್ಟು ಎಷ್ಟಿದ್ದರೇನು? ಅಂಕಿ ನೋಡುವುದಾದರೆ ಡೇಟಾದ ಅಂಕಿ ನೋಡಬೇಕು. ಹಿಂಡದ ಸೀಡಿಯ ಹಾಡು ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಗಂಟೆಗೆ 635 ಎಂಬಿ. 320 ಕಿಲೋಬಿಟ್ಟಿಗೆ ಹಿಂಡಿದ್ದು ಗಂಟೆಗೆ 144 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಎರಡನೆಯದನ್ನೇ ಆರಿಸುವುದು ಕ್ಷೇಮ. ಮಳೆಯಲ್ಲಿ ವ್ಯತ್ಯಾಸ ಹಿಡಿದವರಿದ್ದರೆ ನನಗೆ ತಿಳಿಸಲಿ, ಚಹಾ ಕೊಡಿಸುತ್ತೇನೆ.

ನಿಜವಾದ ದನಿಯ ಅಳತೆ ನನಗೆ ಸಿಕ್ಕದ್ದು ಮುಂಡಗೋಡದಲ್ಲಿ. 1966ರಿಂದ ಟಿಬೆಟಿನವರು ಅಲ್ಲಿ ನೆಲೆಸಿದ್ದಾರೆ. ಲಾಸಾದ ಹತ್ತಿರವಿದ್ದ ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿಯ ಮೆಕ್ಕೆಜೋಳದ ಹೊಲಗಳ ನಡುವೆ ಎರಡನೆಯ ಸಲ ಹುಟ್ಟಿವೆ. ಶಾಖೆಯ ಕೆಲಸಕ್ಕೆಂದು ಕ್ಯಾಂಪಿಗೆ ಹೋದವನು ಒಂದು ಸಂಜೆ ಮಠದ ಪಡಸಾಲೆಯಲ್ಲಿ ನಿಂತಿದ್ದೆ. ಆಳುದ್ದಕ್ಕೂ ಮೀರಿದ ಎರಡು ತಾಮ್ರದ ಕಹಳೆಗಳ ಬಾಯಿಯನ್ನು ಕಟಾಂಜನದ ಮೇಲಿಟ್ಟು ಇಬ್ಬರು ಹುಡುಗ ಭಿಕ್ಷುಗಳು ಊದಿದರು. ಅದನ್ನು ಕಿವಿ ಕೇಳುವ ಮೊದಲು ಹೊಟ್ಟೆ ಕೇಳಿತು. ಕಾಲಕೆಳಗಿನ ಹಲಗೆ ನಡುಗಿತು, ಕಿಟಕಿಯ ಗಾಜು ಗುಂಯ್ ಎಂದಿತು, ನನ್ನ ಅಂಗಿಯ ಜೇಬಿನಲ್ಲಿದ್ದ ಪೆನ್ನು ಎದೆಗೆ ಬಡಿದುಕೊಳ್ಳುತ್ತಿದೆ ಎನ್ನಿಸಿತು. ಊದಿ ಮುಗಿಸಿ ಹುಡುಗರಲ್ಲೊಬ್ಬ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕ. ಹಳಿಯಾಳದ ಸಿದ್ದಿಗಳ ಡಮಾಮಿ ಕುಣಿತದ ಡೋಲೂ ಹೀಗೆಯೇ, ತೊಗಲು ಬಡಿದುಕೊಳ್ಳುವುದು ಅಲ್ಲಿ, ಎದೆ ಗುದ್ದಿಸಿಕೊಳ್ಳುವುದು ಇಲ್ಲಿ. ಇವೆರಡನ್ನೂ ಇದ್ದ ಹಾಗೆ ಕೊಡುವ ಸ್ಪೀಕರು ನನ್ನ ಬಜೆಟ್ಟಿನಲ್ಲಿಲ್ಲ, ಯಾರ ಬಜೆಟ್ಟಿನಲ್ಲೂ ಇರುವಂತೆ ಕಾಣೆ. ಆಮೇಲೆ ನಾನು ಮನೆಯ ಬಾಸ್ ಬಗ್ಗೆ ಕೊರಗುವುದನ್ನು ಬಿಟ್ಟೆ.

ಡಬ್ಬಿಯನ್ನು ಜೋಡಿಸುವ ದಿನ ಟಾರ್ಚು ಹಿಡಿದು ಆಂಪ್ಲಿಫೈಯರಿನ ಹಿಂದೆ ಬಗ್ಗಿದೆ. ಅಲ್ಲಿ ಸಾಲಾಗಿ ಸಾಕೆಟ್ಟುಗಳು. ಫೋನೋ ಎಂದು ಬರೆದದ್ದಕ್ಕೆ ಕೈಹಾಕಬಾರದು. ಅದು ರೆಕಾರ್ಡಿನ ಮುಳ್ಳಿನ ಕ್ಷೀಣ ದನಿಗೆಂದೇ ಮಾಡಿದ ಬಾಗಿಲು. ಸ್ಟ್ರೀಮರಿನ ಗಟ್ಟಿ ದನಿ ಅಲ್ಲಿ ಹೊಕ್ಕರೆ ಒಡೆದು ಚೂರಾಗಿ ಹೊರಬರುತ್ತದೆ. ಬೇಕಾದದ್ದು ಆಕ್ಸ್, ಇಲ್ಲವೇ ಟೇಪ್. ನಮ್ಮದರಲ್ಲಿ ಟೇಪಿನ ಸಾಕೆಟ್ಟು ಐದು ಮುಳ್ಳಿನ ಹಳೆಯ ದುಂಡು ಡಿನ್. ಆಕ್ಸ್ ಎಂದು ಬರೆದಲ್ಲಿ ಎರಡು ತೂತು ಇರಬೇಕಿತ್ತು, ಒಂದೇ ಕಂಡಿತು. ಇನ್ನೊಂದರ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಕೆಮ್ಮಣ್ಣಿನ ಮುದ್ದೆ. ಕಣಜ ಗೂಡು ಕಟ್ಟಿತ್ತು. ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದೆ. ಮಣ್ಣು ಪುಡಿಯಾಗಿ ಉದುರಿತು, ಒಳಗಿನಿಂದ ಒಣಗಿದ ಎರಡು ಜೇಡ ಬಿದ್ದವು, ಮರಿ ಎಂದೋ ಹಾರಿಹೋಗಿತ್ತು. ಹಿತ್ತಾಳೆ ಹಸಿರುಗಟ್ಟಿತ್ತು. ಸೀಸದ ಕಡ್ಡಿಯ ತುದಿಯ ರಬ್ಬರಿನಿಂದ ಉಜ್ಜಿದ ಮೇಲೆ ಮಿಂಚಿತು. ಎಡದಿಂದ ಮನ್ಸೂರರು, ಬಲದಿಂದ ತಬಲಾ ಬಂದ ಗಳಿಗೆಯಲ್ಲಿ ಎದುರುಮನೆಯ ಮಾಮಾ ಒಳಗೇ ಬಂದು ಕೂತರು. "ಏನೂ ಇಲ್ಲ ಅಂದ್ರಿ, ಭಾಳ ಐತೆಲ್ರೀ!"

ಭಾಳ ಇರುವುದೇ ತೊಂದರೆ. ತನ್ನಲ್ಲಿ 10 ಕೋಟಿ ಹಾಡುಗಳಿವೆ ಎಂದು ಆ್ಯಪಲ್ ಕಂಪನಿ 2022ರ ಅಕ್ಟೋಬರಿನಲ್ಲಿ ಸಾರಿತ್ತು. ಹಾಡಿಗೆ 4 ನಿಮಿಷವೆಂದು ಹಿಡಿಯಿರಿ. ನಿದ್ದೆ, ಊಟ, ಸ್ನಾನ ಬಿಟ್ಟು ಕೇಳಿದರೂ 760 ವರ್ಷ ಬೇಕು. ಹೊಯ್ಸಳರು ಸೋಮನಾಥಪುರದಲ್ಲಿ ಗುಡಿ ಕಟ್ಟಿಸುತ್ತಿದ್ದ ಕಾಲಕ್ಕೆ ಪ್ಲೇ ಒತ್ತಿದ್ದವನು ಈಗಷ್ಟೇ ಕಿವಿ ತುರಿಸಿಕೊಂಡು ಏಳುತ್ತಿದ್ದ. ಇಷ್ಟೆಲ್ಲ ಇಟ್ಟುಕೊಂಡೂ ಅಪ್ಪ ಊಟ ಮುಂದೂಡಿ ಕೇಳಿದ ಆ ರಾತ್ರಿಯ ಕಾರ್ಯಕ್ರಮ ನಾನು ಹುಡುಕಿದಲ್ಲೆಲ್ಲೂ ಇಲ್ಲ. ಇದ್ದದ್ದರಲ್ಲೂ ಬಡಾ ಖ್ಯಾಲನ್ನು ಒಂದು ಹಾಡಾಗಿ, ಛೋಟಾ ಖ್ಯಾಲನ್ನು ಇನ್ನೊಂದಾಗಿ ಕತ್ತರಿಸಿ, ನಡುವೆ ತಂಬೂರಿಗೆ ಬಿಕ್ಕಳಿಕೆ ಬರಿಸಿರುತ್ತಾರೆ. ರಾಗ ಮುಗಿದ ಮೇಲೆ ಆ್ಯಪು ನನ್ನನ್ನು ಒಂಟಿಯಾಗಿ ಬಿಡುವುದಿಲ್ಲ, ನಿಮಗೆ ಇದೂ ಇಷ್ಟವಾದೀತು ಎಂದು ತಾನೇ ಒಂದು ಹಾಕುತ್ತದೆ. ಜುಲೈ ತಿಂಗಳಿನಲ್ಲಿ, ದಾಂಡೇಲಿಯಲ್ಲಿ, ಬಟ್ಟೆ ಒಣಗದೆ ಮನೆಯೆಲ್ಲ ಹಗ್ಗ ಕಟ್ಟಿಕೊಂಡಿದ್ದಾಗ ಅದು ನನಗೆ ಹಾಕಿದ್ದು, ಮನಸ್ಸಿನ ನೆಮ್ಮದಿಗಾಗಿ ಮಳೆಯ ಸದ್ದು.

ಜೋಯಿಡಾದಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಬಂದು ಕೇಳಿಕೊಂಡು ಹೋದವನು, ತನಗೂ ಅಂಥದೇ ಡಬ್ಬಿ ತರಿಸಿಕೊಡು ಎಂದ. ಬೇಡವೆಂದೆ. ಅವನ ಮನೆ ಕಾಡಿನ ನಡುವಿನ ಗೌಳಿವಾಡೆಯ ಆಚೆ. ಫೋನಿನ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಿ ಒಂದು ನಿರ್ದಿಷ್ಟ ಬಂಡೆಯ ಮೇಲೆ ನಿಲ್ಲಬೇಕು. ಕೊರೋನಾ ಕಾಲದಲ್ಲಿ ಅದೇ ಬಂಡೆಯ ಮೇಲೆ ಮಕ್ಕಳು ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ್ದವು. ಅವನಿಗೆ ಅದೇ ರಿಪೇರಿ ಅಂಗಡಿಯ ಬೋರ್ಡು ಕೊಡಿಸಿ, ಹಳಿಯಾಳದ ಮೊಬೈಲ್ ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ತುಂಬಿಸಿದೆವು. ಪೆನ್‌ಡ್ರೈವ್ ಹಚ್ಚುವಾಗಲೂ ಆ ಹೆಂಗಸು ಮಾತಾಡುತ್ತಾಳೆ. ಅವನಿಗೆ ಅವಳ ಬಗ್ಗೆ ತಕರಾರಿಲ್ಲ. ಮಳೆಗಾಲದಲ್ಲಿ ಮನೆಗೆ ಬಂದು ಮಾತಾಡುವವರು ಯಾರಿದ್ದಾರೆ ಎನ್ನುತ್ತಾನೆ.

ಇನ್ನು ಚಂದಾದ ಮಾತು. ಹಣ ನಾನು ಕಟ್ಟಿದರೂ ಖಾತೆ ಮಗನದು. ಅವನು ಪುಣೆಯಲ್ಲಿದ್ದಾನೆ. ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಂದೇ ಕಡೆ ಹಾಡು ನಡೆಯುತ್ತದೆ. ಬೆಳಿಗ್ಗೆ ನನ್ನ ಲಲತ್ ಮುಗಿದು ತೋಡಿ ಶುರುವಾಗಿ ಒಂದು ಹದಕ್ಕೆ ಬರುವಾಗ ಫಕ್ಕನೆ ನಿಲ್ಲುತ್ತದೆ. ಮಗ ಕಾರಿನಲ್ಲಿ ಕೂತ ಎಂದು ಅರ್ಥ. ಫೋನಿನಲ್ಲಿ ಅವನ ಕಾರಿನ ಹೆಸರು, ಅದರ ಕೆಳಗೆ ಅವನು ಕೇಳುತ್ತಿರುವ ಹಾಡು ಕಾಣಿಸುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹಾಡು ನಿಂತ ಕೂಡಲೇ ಇವಳು ಅಡುಗೆಮನೆಯಿಂದ "ಹೊಂಟನೇನು?" ಎಂದು ಕೇಳುತ್ತಾಳೆ. ರಸ್ತೆ ಸಿಕ್ಕುಬಿದ್ದ ದಿನ ಒಂದೇ ಹಾಡು ಮತ್ತೆ ಮತ್ತೆ ನಡೆಯುತ್ತದೆ. ಒಮ್ಮೆ ಬೆಳಗಾಗುವ ಮೊದಲೇ ಯಾವುದೋ ಹಳೆಯ ಹಿಂದಿ ಹಾಡು ಅವನ ಕಡೆಯಿಂದ ನಡೆಯುತ್ತಿತ್ತು. ಫೋನು ಮಾಡಿ ನಿದ್ದೆ ಬರಲಿಲ್ಲವೇನೋ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗ ಹೆಂಗ ಗೊತ್ತಾತು?" ಎಂದ.

ದಸರೆಗೆ ಬಂದಾಗ ಅವನು ಫ್ಯಾಮಿಲಿ ಪ್ಲಾನ್ ಮಾಡಿಸಿ ಎಲ್ಲರಿಗೂ ಬೇರೆ ಬೇರೆ ಖಾತೆ ಕೊಡುತ್ತೇನೆಂದು ಹೊರಟ. ನಿಯಮ ಓದುವುದು ನನ್ನ ಹಳೆಯ ಚಟ. ಕುಟುಂಬದವರೆಲ್ಲ ಒಂದೇ ವಿಳಾಸದಲ್ಲಿ ವಾಸವಾಗಿರಬೇಕು ಎಂದು ಅದರಲ್ಲಿ ಬರೆದಿತ್ತು. ಗಟ್ಟಿಯಾಗಿ ಓದಿದೆ. ಇವಳು ಚಕ್ಕುಲಿಯ ಒರಳು ಒತ್ತುವುದನ್ನು ನಿಲ್ಲಿಸಿ, "ಹಂಗಾದ್ರ ನಮ್ದು ಕುಟುಂಬನ ಅಲ್ಲ ಅಂತಾನೇನು ಅವ?" ಎಂದಳು. ಮಗ ಫೋನು ಕೆಳಗಿಟ್ಟ. ಆ ವಿಷಯ ಅಲ್ಲಿಗೇ ನಿಂತಿದೆ, ನಾನಂತೂ ಮತ್ತೆ ಎತ್ತಿಲ್ಲ.

ನೀವು ಕೊಳ್ಳುವವರಿದ್ದರೆ ಮೊದಲು ಮನೆಯ ಆಂಪ್ಲಿಫೈಯರಿನ ಹಿಂದೆ ಟಾರ್ಚು ಬಿಟ್ಟು ಖಾಲಿ ಸಾಕೆಟ್ಟು ಇದೆಯೋ ಇಲ್ಲವೋ ನೋಡಿ, ಆಮೇಲೆ ಅಂಗಡಿಗೆ ಹೋಗಿ. ದುಂಡು ಡಿನ್ ಮಾತ್ರ ಇದ್ದರೆ ತಂತಿಯನ್ನು ಹುಬ್ಬಳ್ಳಿಯಲ್ಲಿ ಬೆಸುಗೆ ಹಾಕಿಸಿಕೊಳ್ಳಬಹುದು. ಕೆಲಸ ಮಾಡುವ ಹಳೆಯ ಫೋನಿದ್ದರೆ ಒಂದು ತಿಂಗಳು ಅದರಲ್ಲೇ ಕೇಳಿ, ಆದರೆ ರಾತ್ರಿ ಚಾರ್ಜರ್ ತೆಗೆಯಿರಿ. ನೆಟ್ ಇಲ್ಲದ ಕಡೆಯವರು ಪೆನ್‌ಡ್ರೈವ್ ಓದುವುದನ್ನೇ ತೆಗೆದುಕೊಳ್ಳಿ, ನಾಚಿಕೆ ಬೇಡ. ಇದ್ದ ಸೀಡಿಗಳನ್ನು ಮೊಮ್ಮಕ್ಕಳ ಕೈಗೆ ಕೊಡಬೇಡಿ, ಆ್ಯಪಿನಲ್ಲಿ ಇಂದು ಇದ್ದ ಹಾಡು ನಾಳೆ ಇರುತ್ತದೆಂಬ ಖಾತ್ರಿಯಿಲ್ಲ. ನಮ್ಮ ಕಡೆ ಏಪ್ರಿಲ್ ಮುಗಿಯುವಾಗ ಮೊದಲ ಗುಡುಗು ಬರುತ್ತದೆ. ಬಂದ ಕೂಡಲೇ ಡಬ್ಬಿಯದು, ರೂಟರಿನದು, ಆಂಪ್ಲಿಫೈಯರಿನದು, ಮೂರೂ ಪ್ಲಗ್ಗು ಕಿತ್ತಿಡಿ.